ಪ್ಲಾತೇರೊವಿನ ಊರಿನಲ್ಲಿ ಒಂದು ದಿನ

ಸ್ಪೇನ್ ದೇಶದ ದಕ್ಷಿಣ ಭಾಗಕ್ಕೆ ಆಂದಲೂಸಿಯ ಎಂದು ಹೆಸರು. ಅಲ್ಲಿಗೆ ಹೋಗುವ ಪ್ರವಾಸಿಗಳಲ್ಲಿ ಬಹುಮಂದಿ ಸೆವಿಲ್, ಗ್ರನಾದ, ಕೊರ್ದೊಬ ನಗರಗಳನ್ನು ನೋಡಿ ತೃಪ್ತರಾಗಿ ಹಿಂದಿರುಗುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ. ಆ ಮೂರು ನಗರಗಳನ್ನು ನೋಡಿ ಮುಗಿಸಲು ಒಂದು ಜನ್ಮ ಸಾಲದು. ಆದರೆ ಸಾಹಿತ್ಯದ ನಂಟುಳ್ಳವರು ಸೆವಿಲ್ಲಿನಿಂದ ಪಶ್ಚಿಮಕ್ಕೆ ಸುಮಾರು 90 ಕಿಲೋಮೀಟರ್ ಮುಂದುವರಿದು, ಉವೆಲ್ವಾ ಎಂಬ ರೇವುಪಟ್ಟಣದಲ್ಲಿ ಬಸ್ಸು ಬದಲಾಯಿಸಿ, ಅಲ್ಲಿಂದ ಇನ್ನು 20 ಕಿಲೋಮೀಟರ್ ದೂರದ ಮೊಗೇರ್ ಎಂಬ ಊರನ್ನು ನೋಡಿ ಬರುವುದು ಒಳ್ಳೆಯದು. 1956ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಕವಿ ಹುವಾನ್ ರಮೋನ್ ಹಿಮೇನೆಸ್ ಹುಟ್ಟಿದ್ದು ಇಲ್ಲಿ, 1881ರ ಡಿಸೆಂಬರ್ 23ರಂದು. ಅವನು ಬರೆದ 'ಪ್ಲಾತೇರೊ ಮತ್ತು ನಾನು' ಎಂಬ ಗದ್ಯಕಾವ್ಯದ ನಾಯಕ ಒಂದು ಕತ್ತೆ.

ಕತ್ತೆಯೆಂದರೆ ನಮ್ಮವರಿಗೆ ನಗು. ಕಸ್ತೂರಿಯ ಪರಿಮಳವನ್ನರಿಯದ ಪ್ರಾಣಿಯೆಂದು ಗಾದೆ ಕಟ್ಟಿದವರು ನಾವು. ನಮ್ಮ ಶಾಲೆಗಳಲ್ಲಿ ಎಷ್ಟೋ ಹುಡುಗರು ತಮ್ಮ ಸ್ವಂತ ಹೆಸರಿಗಿಂತ ಆ ಪ್ರಾಣಿಯ ಹೆಸರನ್ನೇ ಉಪಾಧ್ಯಾಯರ ಬಾಯಿಂದ ಹೆಚ್ಚಾಗಿ ಕೇಳಿರುವುದುಂಟು. ಸ್ಪೇನಿನಲ್ಲಿಯೂ ಸ್ಥಿತಿ ಬೇರೆಯಲ್ಲ. ನಿಘಂಟು ಕತ್ತೆಯನ್ನು ವರ್ಣಿಸುವ ರೀತಿಯನ್ನು ಕಂಡು ಕವಿ ಸಿಟ್ಟಾಗುವ ಒಂದು ಅಧ್ಯಾಯವೇ ಆ ಪುಸ್ತಕದಲ್ಲಿದೆ. ಬೆಳ್ಳಿಯ ಬಣ್ಣದ ಕತ್ತೆಗಳಿಗೆ ಪ್ಲಾತೇರೊ ಎಂಬುದು ಆ ಸೀಮೆಯ ವಾಡಿಕೆಯ ಹೆಸರು. ತನ್ನ ಪ್ಲಾತೇರೊ ಒಂದೇ ಕತ್ತೆಯಲ್ಲ, ತಾನು ಬಾಲ್ಯ ಯೌವನಗಳಲ್ಲಿ ಸಾಕಿದ ಹಲವು ಕತ್ತೆಗಳ ಸಮಷ್ಟಿ ಎಂದು ಕವಿಯೇ ಮುಂದೆ ಹೇಳಿದ್ದಾನೆ.

ನಾನು ಹೋದದ್ದು ಏಪ್ರಿಲ್ ತಿಂಗಳಿನಲ್ಲಿ. ಉವೆಲ್ವಾ ಚೆಲುವಿನ ನಗರವಲ್ಲ. ಅದರ ಅಂಚಿನಲ್ಲಿ ಕಣ್ಣಿಗೆ ಬೀಳುವುದು ಕಾರ್ಖಾನೆಗಳ ಚಿಮಣಿಗಳು, ಎಣ್ಣೆಯ ತೊಟ್ಟಿಗಳು. ಬಸ್ಸು ತಿಂತೊ ನದಿಯ ಸೇತುವೆಯನ್ನು ದಾಟುತ್ತದೆ. ಸಮುದ್ರದ ಉಬ್ಬರ ಬಂದು ಬೆರೆಯುವ ಆ ಸ್ಥಳದಲ್ಲಿ ನೀರಿನ ಬಣ್ಣ ಅಷ್ಟಾಗಿ ತೋರದು. ಮೇಲ್ಗಡೆ ಹೋದರೆ ಈ ನದಿ ನೆತ್ತರಿನಂತೆ ಕೆಂಪಗೆ ಹರಿಯುತ್ತದೆ. ಮುಂದೆ ಲಾ ರಾಬಿದಾ ಮಠ, ಅದರಾಚೆ ಪಾಲೋಸ್. 1492ರ ಆಗಸ್ಟ್ 3ರಂದು ಕೊಲಂಬಸ್ಸನ ಮೂರು ಹಡಗುಗಳು ಹೊರಟದ್ದು ಈ ಪಾಲೋಸಿನಿಂದ. ಆ ಮೂರರಲ್ಲಿ 'ನೀನ್ಯಾ' ಎಂಬುದು ಮೊಗೇರಿನ ಹಡಗು. ಅದರ ಒಡೆಯ ಹುವಾನ್ ನೀನ್ಯೊ ಈ ಊರಿನವನು. ಹಿಂದಿರುಗುವಾಗ ಬಿರುಗಾಳಿಗೆ ಸಿಕ್ಕಿದ ನಾವಿಕರು ಹೊತ್ತ ಹರಕೆಯನ್ನು ತೀರಿಸಲು ಕೊಲಂಬಸ್ 1493ರ ಮಾರ್ಚ್ ತಿಂಗಳಿನಲ್ಲಿ ಮೊಗೇರಿನ ಸಾಂತಾ ಕ್ಲಾರಾ ಸಂನ್ಯಾಸಿನಿಯರ ಮಠದಲ್ಲಿ ಒಂದು ರಾತ್ರಿ ಜಾಗರಣೆ ಮಾಡಿದನೆಂದು ಇತಿಹಾಸ. 1337ರಲ್ಲಿ ಸ್ಥಾಪನೆಯಾದ ಆ ಮಠ ಇಂದಿಗೂ ನಿಂತಿದೆ. ಆದರೆ ಮಠದ ಮುಂದಿನ ಚೌಕದಲ್ಲಿ ನಿಂತ ನನಗೆ ಸಮುದ್ರದ ಸುಳಿವೇ ಸಿಗಲಿಲ್ಲ. ಜಗತ್ತಿನ ಭೂಪಟವನ್ನು ಬದಲಿಸಿದ ಹಡಗಿನ ಊರಿನಲ್ಲಿ ಈಗ ಹಡಗಿಲ್ಲ.

ಮಧ್ಯಾಹ್ನ ಎರಡು ಗಂಟೆಯ ಮೇಲೆ ಮೊಗೇರ್ ಬಾಗಿಲು ಹಾಕಿಕೊಳ್ಳುತ್ತದೆ. ಅಂಗಡಿಗಳ ಕದ ಎಳೆದಿರುತ್ತದೆ. ಸುಣ್ಣ ಬಳಿದ ಗೋಡೆಗಳ ನಡುವೆ ಬಿಸಿಲು ತಾನೊಂದೇ ನಡೆದಾಡುತ್ತದೆ. ನಮ್ಮ ಹಳೆಯ ಅಗ್ರಹಾರಗಳಲ್ಲಿ ಊಟವಾದ ಮೇಲೆ ಜಗಲಿಯ ಮೇಲೆ ಒರಗುತ್ತಿದ್ದ ಹಿರಿಯರನ್ನು ಕಂಡವರಿಗೆ ಈ ನಿದ್ದೆ ಹೊಸದಾಗಿ ತೋರದು. ಸಸ್ಯಾಹಾರಿಯಾದ ನನಗೆ ಒಂದು ಸಣ್ಣ ಹೋಟೆಲಿನವನು ಟೊಮೇಟೊ ಉಜ್ಜಿ ಆಲಿವ್ ಎಣ್ಣೆ ಸುರಿದ ರೊಟ್ಟಿಯನ್ನು ಕೊಟ್ಟು, ತಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿದ. ಹಣ ಕೊಡಬೇಕಾದರೆ ಅವನನ್ನು ಎಬ್ಬಿಸಬೇಕಾಯಿತು. ಅವನೇನೂ ಬೇಸರಪಟ್ಟುಕೊಳ್ಳಲಿಲ್ಲ. ಆತುರವೆಂಬುದು ಈ ಊರಿಗೆ ತಿಳಿಯದು ಎಂದು ಪ್ರವಾಸಿಗಳ ಕೈಪಿಡಿಗಳು ಮೆಚ್ಚಿ ಬರೆಯುತ್ತವೆ. ಅದು ನಿಜವೇ. ಆದರೆ ಈ ನೆಮ್ಮದಿ ಆಲಸ್ಯದಿಂದ ಬಂದದ್ದೂ ಅಲ್ಲ, ಐಶ್ವರ್ಯದಿಂದ ಬಂದದ್ದೂ ಅಲ್ಲ. ಒಂದು ಕಾಲಕ್ಕೆ ಬಹಳ ಗದ್ದಲದಿಂದಿದ್ದ ಊರೊಂದು ತನ್ನ ಗದ್ದಲವನ್ನು ಕಳೆದುಕೊಂಡಾಗ ಉಳಿಯುವ ನಿಶ್ಶಬ್ದ ಅದು ಎಂದು ನನಗೆ ತೋರಿತು.

ಕವಿಯ ಮನೆತನದ ಕಥೆಯೇ ಇದಕ್ಕೆ ಸಾಕ್ಷಿ. ಅವನ ತಂದೆ ದ್ರಾಕ್ಷಾರಸದ ವ್ಯಾಪಾರಿ. ತೋಟಗಳು, ಉಗ್ರಾಣಗಳು, ರೇವಿನಿಂದ ಹೊರಡುವ ಪೀಪಾಯಿಗಳು, ಹೀಗೆ ತುಂಬಿದ ಸಂಸಾರ. ಕ್ರಮೇಣ ನದಿಯಲ್ಲಿ ಹೂಳು ತುಂಬಿತು. ದ್ರಾಕ್ಷಿಯ ಬಳ್ಳಿಗೆ ಫಿಲೊಕ್ಸೆರಾ ಎಂಬ ಕೀಟದ ಹಾವಳಿ ತಗುಲಿತು. 1900ರಲ್ಲಿ ತಂದೆ ತೀರಿಕೊಂಡ, ಆಸ್ತಿ ಕರಗಿತು. ಮೇಲ್ಗಡೆಯ ತಾಮ್ರದ ಗಣಿಗಳನ್ನು ಸ್ಪೇನಿನ ಸರಕಾರ 1873ರಲ್ಲಿ ಒಂದು ಬ್ರಿಟಿಷ್ ಕಂಪೆನಿಗೆ ಮಾರಿತ್ತು. ಗಣಿಗಳ ವಿಷದಿಂದಲೂ ಜನರ ದುರಾಶೆಯಿಂದಲೂ ನದಿ ಸತ್ತಿತೆಂದು ಕವಿ ತನ್ನ ಪುಸ್ತಕದಲ್ಲಿ ಕತ್ತೆಯೊಡನೆ ಹೇಳಿಕೊಂಡು ದುಃಖಿಸುತ್ತಾನೆ. ವಿಜ್ಞಾನಿಗಳನ್ನು ಕೇಳಿದರೆ, ಆ ನೀರಿನ ಕೆಂಪೂ ಹುಳಿಯೂ ಗಣಿಗಳಿಗಿಂತ ಬಹು ಪ್ರಾಚೀನ. ಗಂಧಕ ಮತ್ತು ಕಬ್ಬಿಣ ಬೆರೆತ ಕಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳ ಕೆಲಸ ಅದು, ಗಣಿಗಾರಿಕೆ ಅದನ್ನು ಉಲ್ಬಣಗೊಳಿಸಿತು ಎನ್ನುತ್ತಾರೆ. ವಿಜ್ಞಾನಿಗಳು ಹೇಳುವುದು ಸರಿಯೇ ಇರಬೇಕು. ಆದರೆ ರೇವು ಬರಿದಾದುದನ್ನು ಬಾಲ್ಯದಿಂದ ನೋಡಿದವನ ದುಃಖವೂ ಸುಳ್ಳಲ್ಲ.

ಮಾದ್ರಿದ್ ನಗರದಲ್ಲಿ ಆರೋಗ್ಯ ಕೆಟ್ಟು, 1905ರಲ್ಲಿ ಹಿಂದಿರುಗಿದ ಕವಿ ಏಳು ವರ್ಷ ಇಲ್ಲಿ ಕಳೆದ. ಕರಿಯ ಉಡುಪು, ಗಡ್ಡ, ಕತ್ತೆಯ ಮೇಲೆ ಸವಾರಿ. ಬೀದಿಯ ಮಕ್ಕಳು ಹುಚ್ಚನೆಂದು ಕೂಗುತ್ತ ಹಿಂಬಾಲಿಸುತ್ತಿದ್ದುದನ್ನು ಅವನೇ ಬರೆದಿದ್ದಾನೆ. ಇಂದು ಅದೇ ಬೀದಿಗಳ ಗೋಡೆಗಳಲ್ಲಿ, ಪುಸ್ತಕದಲ್ಲಿ ಆಯಾ ಸ್ಥಳವನ್ನು ಕುರಿತ ಮಾತುಗಳನ್ನು ಬಣ್ಣದ ಹೆಂಚಿನ ಫಲಕಗಳ ಮೇಲೆ ಬರೆದು ಕೂರಿಸಿದ್ದಾರೆ. ಪುರಸಭೆಯ ಚೌಕದಲ್ಲಿ ಅವನ ಪ್ರತಿಮೆಯಿದೆ. ಅಂಗಡಿಗಳಲ್ಲಿ ನಗುವ ಮುಖದ ಮಣ್ಣಿನ ಕತ್ತೆಗಳು ಮಾರಾಟಕ್ಕಿವೆ. ನನಗೆ ಆ ನಗು ಹಿಡಿಸಲಿಲ್ಲ. 1914ರಲ್ಲಿ ಆಯ್ದ ಭಾಗಗಳಾಗಿ, 1917ರಲ್ಲಿ 138 ಅಧ್ಯಾಯಗಳ ಪೂರ್ಣರೂಪದಲ್ಲಿ ಹೊರಬಂದ ಈ ಪುಸ್ತಕವನ್ನು ಮಕ್ಕಳ ಪುಸ್ತಕವೆಂದು ಎಲ್ಲೆಡೆಯೂ ಓದಿಸುತ್ತಾರೆ. ಅದಕ್ಕೆ ಕವಿ ಕೊಟ್ಟ ಉಪಶೀರ್ಷಿಕೆ 'ಆಂದಲೂಸಿಯದ ಶೋಕಗೀತೆ' ಎಂದು. ಕ್ಷಯರೋಗದ ಹುಡುಗಿ, ಮಾತು ಬಾರದ ಮಗು, ಗುಂಡೇಟು ತಿಂದ ಕಜ್ಜಿನಾಯಿ, ಎಲ್ಲರೂ ಅದರಲ್ಲಿದ್ದಾರೆ. ಕೊನೆಗೆ ಪ್ಲಾತೇರೊವೂ ಸಾಯುತ್ತದೆ. ಕರುಣೆಯನ್ನು ಇಷ್ಟು ಮೆಲುದನಿಯಲ್ಲಿ ಕಲಿಸಿದ ಪುಸ್ತಕಗಳು ಕಡಮೆ ಎಂಬುದು ನನ್ನ ಅಭಿಪ್ರಾಯ.

ಸಂಜೆ ಕವಿಯ ಮನೆಯನ್ನು ನೋಡಿದೆ. ಈಗ ಅದು ವಸ್ತುಸಂಗ್ರಹಾಲಯ. ಅದರ ಹೆಸರಿನಲ್ಲಿ ಮೊದಲು ಬರುವುದು ಕವಿಯಲ್ಲ, ಅವನ ಪತ್ನಿ ಸೆನೋಬಿಯಾ. ಅದು ಸೌಜನ್ಯಕ್ಕಾಗಿ ಮಾತ್ರ ಇಟ್ಟ ಹೆಸರಲ್ಲ. ಸೆನೋಬಿಯಾ ಕಾಂಪ್ರುಬಿ ಬಾಲ್ಯದಿಂದ ಇಂಗ್ಲಿಷನ್ನು ಬಲ್ಲವಳು. ಟಾಗೋರರು ಬಂಗಾಳಿಯಿಂದ ತಾವೇ ಇಂಗ್ಲಿಷಿಗೆ ತಂದ ಶಿಶುಗೀತಗಳ ಸಂಕಲನವನ್ನು ಆಕೆ ಸ್ಪ್ಯಾನಿಷಿಗೆ ಅನುವಾದಿಸಿದಳು. ಹುವಾನ್ ರಮೋನ್ ಅದನ್ನು ತಿದ್ದಿ ಲಯ ಕೂಡಿಸಿದ. 1915ರಲ್ಲಿ ಪ್ರಕಟವಾದ ಆ ಪುಸ್ತಕವೇ ಅವರ ಪ್ರಣಯಕ್ಕೂ ಸೇತುವೆಯಾಯಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಮದುವೆ. ಆಮೇಲೆ ಟಾಗೋರರ ಇಪ್ಪತ್ತಕ್ಕೂ ಮಿಕ್ಕ ಕೃತಿಗಳು ಆಕೆಯ ಕೈಯಿಂದ ಆ ಭಾಷೆಗೆ ಬಂದುವು. ಲ್ಯಾಟಿನ್ ಅಮೆರಿಕದ ಎರಡು ತಲೆಮಾರುಗಳು ಟಾಗೋರರನ್ನು ಓದಿದ್ದು ಬಹುಮಟ್ಟಿಗೆ ಈ ಅನುವಾದಗಳಲ್ಲಿ. ನಾನು ಭಾರತದವನೆಂದು ತಿಳಿದೊಡನೆ ಮನೆ ತೋರಿಸುತ್ತಿದ್ದ ಮಹಿಳೆ ಟಾಗೋರರ ಹೆಸರನ್ನೆತ್ತಿದರು. ಕರ್ನಾಟಕವೆಲ್ಲಿ, ಬಂಗಾಳವೆಲ್ಲಿ ಎಂದು ನಾನು ವಿವರಿಸಲು ಹೋಗಲಿಲ್ಲ. ಆ ಗೌರವವನ್ನು ಪಾಲುಗಾರನಂತೆ ಸ್ವೀಕರಿಸಿದೆ.

1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ದಂಪತಿಗಳು ದೇಶ ಬಿಟ್ಟರು. ಕ್ಯೂಬಾ, ಅಮೆರಿಕ, ಕಡೆಗೆ ಪೋರ್ಟೊ ರಿಕೊ. 1956ರ ಅಕ್ಟೋಬರ್ 25ರಂದು ನೊಬೆಲ್ ಸುದ್ದಿ ಬಂದಾಗ ಸೆನೋಬಿಯಾ ಕ್ಯಾನ್ಸರಿನಿಂದ ಮರಣಶಯ್ಯೆಯಲ್ಲಿದ್ದಳು; ಮೂರೇ ದಿನಕ್ಕೆ ತೀರಿಕೊಂಡಳು. ಕವಿ ಸ್ಟಾಕ್‌ಹೋಮಿಗೆ ಹೋಗಲಿಲ್ಲ. 1958ರ ಮೇ 29ರಂದು ಅವನೂ ಸತ್ತ. ಅದೇ ವರ್ಷ ಇಬ್ಬರ ದೇಹಗಳೂ ಕಡಲು ದಾಟಿ ಮೊಗೇರಿನ ಶ್ಮಶಾನವನ್ನು ಸೇರಿದುವು. ಇಪ್ಪತ್ತೆರಡು ವರ್ಷ ನೆನಪಿನಲ್ಲಿಯೇ ಕಂಡ ಊರಿಗೆ ಅವನು ಬಂದದ್ದು ಹಾಗೆ. ಸಮಾಧಿ ಸರಳವಾಗಿದೆ. ನಾನು ಹೋದಾಗ ಯಾರೋ ಇಟ್ಟ ಹೂವು ಅರ್ಧ ಬಾಡಿತ್ತು.

ಊರಿನ ಹೊರಗೆ ಈಗ ಬಿಳಿಯ ಸಮುದ್ರವೊಂದು ಹಬ್ಬಿದೆ: ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಸ್ಟ್ರಾಬೆರಿ ಬೆಳೆ. ಸ್ಪೇನಿನ ಸ್ಟ್ರಾಬೆರಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಈ ಉವೆಲ್ವಾ ಪ್ರಾಂತದ್ದು. ಊರಿಗೆ ಮತ್ತೆ ದುಡ್ಡು ಬಂದಿದೆ. ಅದಕ್ಕೆ ತೆರುವ ಬೆಲೆ ನೆಲದಡಿಯ ನೀರು. ಆಗ್ನೇಯಕ್ಕಿರುವ ದೊನ್ಯಾನಾ ಜೌಗುಭೂಮಿಯ ಅಂತರ್ಜಲವನ್ನು ಕಾಪಾಡಲಿಲ್ಲವೆಂದು 2021ರ ಜೂನ್ ತಿಂಗಳಿನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಸ್ಪೇನಿನ ವಿರುದ್ಧ ತೀರ್ಪು ಕೊಟ್ಟಿತು. ನದಿಯನ್ನು ಕುರಿತು ಅಷ್ಟು ನೊಂದ ಕವಿಯ ಸೀಮೆಯಲ್ಲಿಯೇ ಇದು ನಡೆದಿದೆ. ಹಣ್ಣು ಕೀಳಲು ಮೊರೊಕ್ಕೊ ದೇಶದಿಂದ ಸಾವಿರಾರು ಹೆಂಗಸರು ಪ್ರತಿವರ್ಷವೂ ಬರುತ್ತಾರೆ. ಸುಗ್ಗಿ ಮುಗಿದೊಡನೆ ಹಿಂದಿರುಗುವರೆಂಬ ಭರವಸೆಗಾಗಿ, ಮನೆಯಲ್ಲಿ ಮಕ್ಕಳಿರುವ ತಾಯಂದಿರನ್ನೇ ಆರಿಸುವ ಪದ್ಧತಿ ಅಲ್ಲಿ ಬಹುಕಾಲದಿಂದ ಬೆಳೆದುಬಂದಿದೆ.

ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಪುರಸಭೆಯ ಚೌಕದಲ್ಲಿ ಕುಳಿತೆ. ಊರು ನಿದ್ದೆಯಿಂದೆದ್ದು ಬೀದಿಗೆ ಬಂದಿತ್ತು. ಬಾನಕ್ಕಿಗಳು ಸೂರಿನಿಂದ ಸೂರಿಗೆ ಹಾರುತ್ತಿದ್ದುವು. ಕವಿಯ ಪ್ರತಿಮೆಯ ಸಮೀಪದ ಕಲ್ಲುಬೆಂಚಿನ ಮೇಲೆ, ತಲೆಗೆ ವಸ್ತ್ರ ಕಟ್ಟಿದ ಮೂವರು ಹೆಂಗಸರು, ಕೈಗೆ ಇನ್ನೂ ಮಣ್ಣು ಮೆತ್ತಿರುವಾಗಲೇ, ಒಂದೇ ದೂರವಾಣಿಯನ್ನು ಸರದಿಯ ಮೇಲೆ ಹಿಡಿದು ಮಾತನಾಡುತ್ತಿದ್ದರು. ಆ ಕಡೆಯಿಂದ ಒಂದು ಮಗು ಹಾಡಿನಂಥದೇನನ್ನೋ ಒಪ್ಪಿಸುತ್ತಿತ್ತು. ಅದು ಮುಗಿಯುವವರೆಗೆ ಮೂವರೂ ತಲೆ ತಗ್ಗಿಸಿ ಕೇಳಿದರು.