ಆಗುಂಬೆ ಘಾಟಿಯ ಕೆಳಗೊಂದು ಗ್ಯಾರೇಜು

ಆಗುಂಬೆಯ ಸೂರ್ಯಾಸ್ತದ ಕಟ್ಟೆ ದಾಟಿದ್ದೇ ತಡ, ರಸ್ತೆ ಕೆಳಗೆ ಧುಮುಕುತ್ತದೆ. ಹೆದ್ದಾರಿ ಸೋಮೇಶ್ವರ ಮುಟ್ಟುವಷ್ಟರಲ್ಲಿ 14 ಹೇರ್‌ಪಿನ್ ತಿರುವು. ಭಾನುವಾರ ಮಧ್ಯಾಹ್ನ ನಾಲ್ಕನೆಯದನ್ನು ಇಳಿಯುವಾಗಲೇ ಗಂಟಲು ಕೆರೆಯುವ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮುಂದಿದ್ದ ಕಾರಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಘಾಟಿಯವರಿಗೆ ಬಾಯಿಪಾಠ; ಆ ಚಾಲಕ ಬ್ರೇಕಿನ ಮೇಲೆ ಇಟ್ಟ ಕಾಲು ತೆಗೆದಿರಲಿಲ್ಲ.

ಘಾಟಿ ಇಳಿದು ಹೆಬ್ರಿಯ ಗ್ಯಾರೇಜೊಂದರಲ್ಲಿ ನಿಲ್ಲಿಸಿದೆ. ಅಲ್ಲೊಂದು ಕಾರಿನ ಮುಂದಿನ ಚಕ್ರ ಬಿಚ್ಚಿಟ್ಟಿತ್ತು. ಮೆಕ್ಯಾನಿಕ್, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎತ್ತಿ, ಎರಡೂ ಬ್ರೇಕ್ ಪ್ಯಾಡುಗಳನ್ನು ನನ್ನ ಅಂಗೈಗೆ ಹಾಕಿದರು. ಹೊಸ ಪ್ಯಾಡಿನ ಸವೆಯುವ ಪದರ ಸುಮಾರು 10 ಮಿ.ಮೀ. ಇರುತ್ತದೆ. ಹೊರಗಿನದರಲ್ಲಿ ಅರ್ಧ ಉಳಿದಿತ್ತು. ಒಳಗಿನದು ನಾಣ್ಯಕ್ಕಿಂತ ತೆಳ್ಳಗಾಗಿ, ಒಂದು ಅಂಚಿನಲ್ಲಿ ಬರೀ ಕಬ್ಬಿಣ ಹೊಳೆಯುತ್ತಿತ್ತು. ಮಳೆ, ಕೆಸರಿಗೆ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಜಾರದೇ ಹೋದರೆ ಹೀಗಾಗುತ್ತದೆ. ಚಕ್ರದ ಸಂದಿಯಿಂದ ಇಣುಕಿದವರಿಗೆ ಕಾಣುವುದು ಹೊರಗಿನದು ಮಾತ್ರ.

ಎಷ್ಟೋ ಪ್ಯಾಡುಗಳ ಬದಿಗೆ ಪುಟ್ಟ ತಗಡೊಂದಿರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಗುಟ್ಟುತ್ತದೆ. "ಈ ಕಾರಿನವರು ಮಳೆಗಾಲದ ಸದ್ದು ಅಂತ ಬಿಟ್ಟಿದ್ರಂತೆ" ಎಂದರು ಮೆಕ್ಯಾನಿಕ್.

ಬ್ರೇಕ್ ಆಯಿಲ್ ಡಬ್ಬಿಯನ್ನೂ ತೋರಿಸಿದರು. ಇದು ಗಾಳಿಯ ತೇವ ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ 140ರ ಆಸುಪಾಸಿನಲ್ಲೇ ಕುದಿಯಬಹುದು. ಇಳಿಜಾರಿನ ಬಿಸಿಗೆ ಒಳಗೆ ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

ಬಸ್ಸು, ಲಾರಿ, ಟ್ಯಾಕ್ಸಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ, ಬ್ರೇಕೂ ಸೇರಿ ಗಾಡಿಯ ತಪಾಸಣೆ ಮಾಡಿ ಕೊಡುವ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕಡ್ಡಾಯ. ಸ್ವಂತ ಕಾರಿಗೆ ನೋಂದಣಿಯಾದ ಮೇಲೆ 15 ವರ್ಷ ಅಂಥ ತಪಾಸಣೆಯೇ ಇಲ್ಲ. ಹೊಗೆ ಪರೀಕ್ಷೆಯ ಚೀಟಿ ಬ್ರೇಕನ್ನು ನೋಡುವುದಿಲ್ಲ. ಸ್ವಂತ ಕಾರುಗಳನ್ನು ಹೀಗೆ ತಪಾಸಣೆಯಿಂದ ಹೊರಗಿಟ್ಟಿರುವುದು ತಪ್ಪು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಇದೇ ಘಾಟಿ ಇಳಿಯುವುದು ಆ ಕಾರುಗಳೇ.

ನಿಯಮ ಬದಲಾಗುವವರೆಗೆ ಕಾಯಬೇಡಿ. ಮಲೆನಾಡಿಗೆ ಹೊರಡುವ ಮುನ್ನ ಚಕ್ರ ಬಿಚ್ಚಿಸಿ. ಪದರ 3 ಮಿ.ಮೀ.ಗೆ ಇಳಿದಿದ್ದರೆ ಹೊಸದು ಹಾಕಿಸಿ. ಒಳಗಿನ ಪ್ಯಾಡ್ ತೋರಿಸಿ ಎಂದು ಬಾಯಿಬಿಟ್ಟು ಕೇಳಿ.