ಹುಟ್ಟುಗುಣವೋ, ಸಹವಾಸಗುಣವೋ?

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ಸಲ್ಲುತ್ತ ಬಂದ ಮಾತು. ಆದರೆ ಎರಡು ಗಾದೆಗಳು ಒಂದಕ್ಕೊಂದು ಇದಿರಾಗಿ ನಿಂತರೆ ಯಾವುದನ್ನು ನಂಬತಕ್ಕದ್ದು? ಮನುಷ್ಯನ ಗುಣದ ವಿಷಯದಲ್ಲಿ ಇಂತಹ ಪ್ರಸಂಗವೇ ಒದಗಿದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಒಂದು ಗಾದೆ. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂದು ಇನ್ನೊಂದು. ಹುಟ್ಟಿನೊಡನೆ ಬಂದ ಗುಣವು ಬೆಂಕಿಗೂ ಜಗ್ಗದಿದ್ದರೆ, ಸರ್ವವನ್ನೂ ತೊರೆದ ಸನ್ಯಾಸಿಯು ಬರಿಯ ಸಹವಾಸದಿಂದ ಕೆಡುವುದು ಹೇಗೆ?

ಇದು ಕನ್ನಡಿಗರಿಗೆ ಮಾತ್ರ ಬಂದ ತೊಡಕಲ್ಲ. ನಿಗಡಿಯಲ್ಲಿರುವ ನಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಆ ಮರಾಠಿಯಲ್ಲಿ ‘ಜಿತ್ಯಾಚೀ ಖೋಡ ಮೇಲ್ಯಾಶಿವಾಯ ಜಾತ ನಾಹೀ’ ಎಂಬ ಮಾತುಂಟು. ಬದುಕಿರುವವನ ಚಾಳಿ ಸತ್ತ ಹೊರತು ಹೋಗದು ಎಂದು ಅದರ ಅರ್ಥ. ನಮ್ಮ ಗಾದೆಯಂತೆ ಸುಟ್ಟರೂ ಹೋಗದ ಗುಣಕ್ಕೆ ಅವರು ಸಾವಿನೊಡನೆಯಾದರೂ ಬಿಡುಗಡೆ ಕೊಟ್ಟಿದ್ದಾರೆ. ಅಷ್ಟರಮಟ್ಟಿಗೆ ಉದಾರಿಗಳೇ ಸರಿ! ಆದರೆ ಅವರೇ ‘ಢವಳ್ಯಾಶೇಜಾರೀ ಬಾಂಧಲಾ ಪವಳಾ, ವಾಣ ನಾಹೀ ಪಣ ಗುಣ ಲಾಗಲಾ’ ಎಂದೂ ಹೇಳುತ್ತಾರೆ. ಢವಳಾ, ಪವಳಾ ಎಂಬುವು ಎರಡು ಎತ್ತುಗಳು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿದರೆ ಬಣ್ಣ ಬರಲಿಲ್ಲ, ಗುಣ ಮಾತ್ರ ಬಂದಿತು. ಈ ಮಾತನ್ನು ಕಟ್ಟಿದವನು ದನದ ಕೊಟ್ಟಿಗೆಯನ್ನು ಚೆನ್ನಾಗಿ ಬಲ್ಲ ಒಕ್ಕಲಿಗನೇ ಇರಬೇಕು. ಹುಟ್ಟಿನಿಂದ ಬಂದ ಬಣ್ಣ ಬೇರೆ, ನೆರೆಯಿಂದ ಬರುವ ನಡತೆ ಬೇರೆ ಎಂದು ಅವನು ಒಂದೇ ಸಾಲಿನಲ್ಲಿ ಬಿಡಿಸಿ ತೋರಿಸಿದ್ದಾನೆ.

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಪದಗಳ ಬಳಕೆಯನ್ನು ತೋರಿಸಲು ಅನೇಕ ಗಾದೆಗಳನ್ನು ಕೊಟ್ಟಿದೆ. ಅಚ್ಚಿನ ಪುಟದಲ್ಲಿ ಗಾದೆ ಸಿಕ್ಕುತ್ತದೆ. ಅದನ್ನು ಯಾರು, ಯಾರಿಗೆ, ಯಾವಾಗ ಆಡಿದರೆಂಬುದು ಸಿಕ್ಕುವುದಿಲ್ಲ. ಗಾದೆಗೆ ಜೀವವಿರುವುದು ಆಡಿದ ಸಂದರ್ಭದಲ್ಲಿ. ಎಷ್ಟು ಹೇಳಿದರೂ ತಿದ್ದಿಕೊಳ್ಳದ ಮುದುಕ ಜಿಪುಣನನ್ನು ಕಂಡು ನಿಟ್ಟುಸಿರಿನೊಡನೆ ‘ಹುಟ್ಟುಗುಣ’ ಎಂದರೆ ಒಪ್ಪುತ್ತದೆ. ಅದೇ ಮಾತನ್ನು, ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಹತ್ತು ವರುಷದ ಹುಡುಗನ ಮೇಲೆ ತರಗತಿಯಲ್ಲಿ ಎಸೆದರೆ? ಮರುದಿನ ಅವನು ನಿಜವನ್ನೇ ನುಡಿದರೂ ಕೇಳುವವರಿಲ್ಲ. ನುಡಿದು ಫಲವೇನೆಂದು ಅವನೂ ಬಗೆಯುವನು. ಆ ವಯಸ್ಸಿಗೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಬೇರೆ ಗಾದೆಯೇ ಇದೆ. ಗಿಡವು ಬಗ್ಗುತ್ತದೆಂಬ ಒಪ್ಪಿಗೆ ಆ ಪ್ರಶ್ನೆಯೊಳಗೇ ಅಡಗಿದೆಯಷ್ಟೆ.

ಇನ್ನೊಂದು ಮಾತು. ಸನ್ಯಾಸಿಯ ಗಾದೆಯು ಸಹವಾಸದಿಂದ ಕೆಟ್ಟುದನ್ನು ಮಾತ್ರ ಹೇಳುತ್ತದೆ. ಎತ್ತಿನ ಗಾದೆಯನ್ನೂ ಜನರು ಕೆಟ್ಟ ಚಾಳಿಯನ್ನು ಕುರಿತೇ ಹೆಚ್ಚಾಗಿ ಆಡುವರು. ರೈತನ ರೂಢಿಯಲ್ಲಿ ಅದರ ಇನ್ನೊಂದು ಮಗ್ಗುಲೂ ಕಾಣುತ್ತದೆ. ಹೊಸ ಹೋರಿಯನ್ನು ನೊಗಕ್ಕೆ ಪಳಗಿಸುವಾಗ ಅವನು ಅದನ್ನು ಪಳಗಿದ ಎತ್ತಿನ ಜೊತೆಯಲ್ಲಿಯೇ ಹೂಡುತ್ತಾನೆ.