ಎರಡು ಚಿತ್ರ, ಒಂದು ಇಲಿ

ಹಳೆಯ ಕ್ಯಾಲೆಂಡರುಗಳ ದೇವರ ಚಿತ್ರಗಳನ್ನು ನೀವು ನೋಡಿರುತ್ತೀರಿ. ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು. ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂಡದಿದ್ದರೆ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಸರಿದಿರುತ್ತದೆ. ಕ್ಯಾಲೆಂಡರಿನಲ್ಲಿ ಇದನ್ನು ಕಂಡು ನಾವು ನಕ್ಕು ಸುಮ್ಮನಾಗುತ್ತೇವೆ. ಇದೇ ದೋಷ ವೈದ್ಯಸಂಶೋಧನೆಯ ಚಿತ್ರದಲ್ಲಿ ನುಸುಳಿದರೆ ಆರೋಗ್ಯವಾದ ಅಂಗದ ಮೇಲೆ ರೋಗವನ್ನು ಆರೋಪಿಸಿದಂತಾಗುತ್ತದೆ. ನಾನು ಸಾಹಿತ್ಯದ ವಿದ್ಯಾರ್ಥಿ. ಆದರೂ ಈ ದೋಷವನ್ನು ನಿವಾರಿಸುವ ಬಗೆ ನನಗೆ ಕುತೂಹಲಕರವಾಗಿ ತೋರಿದುದರಿಂದ ಅದನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಸಿ.ಟಿ. ಯಂತ್ರವು ಕ್ಷ-ಕಿರಣಗಳನ್ನು ಸುತ್ತಲಿಂದಲೂ ಹಾಯಿಸಿ ದೇಹದ ರಚನೆಯನ್ನು ತೋರಿಸುತ್ತದೆ. ಇದನ್ನು ಸಾಧ್ಯವಾಗಿಸಿದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಬಹುಮಾನ ಸಂದಿತು. ಪೆಟ್ ಯಂತ್ರದ ರೀತಿ ಬೇರೆ. ವಿಕಿರಣಶೀಲ ಫ್ಲೋರಿನ್ ಸೇರಿಸಿದ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಬಿಟ್ಟಾಗ, ಚುರುಕಾದ ಜೀವಕೋಶಗಳು ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಅಲ್ಲಿ ಹೊಮ್ಮಿದ ಪಾಸಿಟ್ರಾನ್ ಎಲೆಕ್ಟ್ರಾನನ್ನು ಸಂಧಿಸಿ, ಎರಡೂ ಅಳಿದು, ಎದುರುಬದುರಾಗಿ ಎರಡು ಗಾಮಾ ಕಿರಣಗಳು ಹೊರಡುತ್ತವೆ. ಯಂತ್ರವು ಅವನ್ನು ಹಿಡಿದು ಚಿತ್ರ ಕಟ್ಟುತ್ತದೆ. ಮೊದಲನೆಯದು ಮನೆಯ ನಕ್ಷೆಯಾದರೆ, ಎರಡನೆಯದು ಆ ಮನೆಯಲ್ಲಿ ಒಲೆ ಉರಿಯುತ್ತಿದೆಯೆಂಬ ಸುದ್ದಿ. ನಕ್ಷೆಯಿಲ್ಲದೆ ಒಲೆ ಯಾವ ಕೋಣೆಯದೆಂದು ತಿಳಿಯುವುದು ಕಷ್ಟ. ಆದುದರಿಂದಲೇ ಎರಡನ್ನೂ ಕೂಡಿಸಿದ ಯಂತ್ರ ಹುಟ್ಟಿತು. ಮನುಷ್ಯರಿಗಾಗಿ ರಚಿಸಿದ ಅಂಥ ಮೊದಲ ಯಂತ್ರವನ್ನು 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಲಾಯಿತು. ಪ್ರಯೋಗಾಲಯದ ಇಲಿಗಳಿಗೂ ಇಂಥ ಪುಟ್ಟ ಯಂತ್ರಗಳು ಬಂದಿವೆ.

ಪುಟ್ಟ ಯಂತ್ರವೆಂದರೆ ಸುಲಭದ ಯಂತ್ರವಲ್ಲ. ಇಲಿಯ ತೂಕ ಸುಮಾರು 25 ಗ್ರಾಂ. ಅದರ ಹೃದಯ ಒಂದು ಸೆಂಟಿಮೀಟರಿಗಿಂತಲೂ ಚಿಕ್ಕದು. ಎರಡು ಮಿಲಿಮೀಟರಿನ ವ್ಯತ್ಯಾಸವನ್ನು ಮನುಷ್ಯನ ಚಿತ್ರ ಎಷ್ಟೋ ವೇಳೆ ಸಹಿಸೀತು; ಇಲಿಯ ಚಿತ್ರದಲ್ಲಿ ಅಷ್ಟರಿಂದಲೇ ಹೃದಯದ ಬೆಳಕು ಶ್ವಾಸಕೋಶದ ಮೇಲೆ ಬಿದ್ದೀತು.

ಎರಡು ಉಪಕರಣಗಳೂ ಸಾಮಾನ್ಯವಾಗಿ ಒಂದರ ಹಿಂದೊಂದು ಇರುತ್ತವೆ. ಇಲಿ ಮಲಗಿದ ಹಲಗೆ ಒಂದರಿಂದ ಇನ್ನೊಂದಕ್ಕೆ ಸರಿಯುತ್ತದೆ. ಎರಡರ ಕೇಂದ್ರಗಳೂ ಒಂದೇ ರೇಖೆಯಲ್ಲಿವೆಯೆಂದು ನಂಬಿ ಕೂರುವಂತಿಲ್ಲ. ಆದಕಾರಣ ಮೊದಲು ಇಲಿಯ ಬದಲು ಒಂದು ಪ್ಲಾಸ್ಟಿಕ್ ಮಾದರಿಯನ್ನು ಇಡುತ್ತಾರೆ. ಅದರೊಳಗೆ ಎರಡು ಚಿತ್ರಗಳಲ್ಲೂ ಕಾಣುವಂಥ ಸಣ್ಣ ಮಣಿಗಳು. ಅವುಗಳಲ್ಲಿ ಬಹುಶಃ ಸೋಡಿಯಂ-22 ಇರುತ್ತದೆ. ಅದರ ಅರ್ಧಾಯುಷ್ಯ ಸುಮಾರು 2.6 ವರ್ಷವಾದುದರಿಂದ ಅದೇ ಮಾದರಿ ಬಹುಕಾಲ ಉಪಯೋಗಕ್ಕೆ ಬರುತ್ತದೆ. ಪೆಟ್ ಚಿತ್ರದಲ್ಲಿ ಮಣಿಯ ಅಂಚು ಮಸುಕಾಗಿದ್ದರೂ ಅದರ ನಡುವನ್ನು ನಿಖರವಾಗಿ ಗುರುತಿಸಬಹುದು. ಒಂದೇ ಸಾಲಿನಲ್ಲಿಲ್ಲದ ಮೂರು ಮಣಿಗಳಾದರೂ ಬೇಕು. ಅವುಗಳಿಂದ ಆರು ಸಂಖ್ಯೆಗಳು ದೊರೆಯುತ್ತವೆ: ಮೂರು ದಿಕ್ಕುಗಳಲ್ಲಿ ಸರಿದ ದೂರ, ಮೂರು ಅಕ್ಷಗಳ ಸುತ್ತ ತಿರುಗಿದ ಕೋನ. ಕೋನವನ್ನು ಅಲಕ್ಷಿಸುವಂತಿಲ್ಲ. ಒಂದೇ ಒಂದು ಡಿಗ್ರಿ ತಿರುಗಿದರೂ ಆರು ಸೆಂಟಿಮೀಟರು ದೂರದಲ್ಲಿ ಅದು ಒಂದು ಮಿಲಿಮೀಟರಿನ ತಪ್ಪಾಗುತ್ತದೆ.

ಲೆಕ್ಕಕ್ಕೆ ಸೇರಿಸದೆ ಉಳಿಸಿಕೊಂಡ ಒಂದು ಮಣಿಯಿಂದ ಫಲಿತವನ್ನು ಪರೀಕ್ಷಿಸುವುದು ಒಳ್ಳೆಯ ಕ್ರಮ. ಹಲಗೆ ಮುಂದೆ ಚಾಚಿದಾಗ ಬಾಗುವುದೇ ಎಂಬುದನ್ನೂ ನೋಡಬೇಕು. ಯಂತ್ರವನ್ನು ಬಿಚ್ಚಿ ಜೋಡಿಸಿದಾಗಲೆಲ್ಲ ಈ ಕೆಲಸವನ್ನು ಮತ್ತೆ ಮಾಡಬೇಕು. ಎಲ್ಲವೂ ಸರಿಯಿದ್ದರೂ ಇಲಿಯ ಉಸಿರಾಟ ಉಳಿದೇ ಇರುತ್ತದೆ. ಅರಿವಳಿಕೆ ದೇಹವನ್ನು ಅಲುಗದಂತೆ ಮಾಡೀತೇ ಹೊರತು ಎದೆಯ ಏರಿಳಿತವನ್ನು ನಿಲ್ಲಿಸದು.

ಇಷ್ಟೊಂದು ಶ್ರಮ ಏತಕ್ಕೆ? ರಸೆಲ್ ಮತ್ತು ಬರ್ಚ್ ಎಂಬ ಆಂಗ್ಲ ವಿದ್ವಾಂಸರು 1959ರಲ್ಲಿ ಪ್ರಾಣಿಪ್ರಯೋಗಕ್ಕೆ ಮೂರು ನಿಯಮಗಳನ್ನು ಸೂಚಿಸಿದರು: ಸಾಧ್ಯವಾದೆಡೆ ಪ್ರಾಣಿಯ ಬದಲಿಗೆ ಬೇರೊಂದನ್ನು ಬಳಸಬೇಕು, ಸಂಖ್ಯೆಯನ್ನು ತಗ್ಗಿಸಬೇಕು, ನೋವನ್ನು ತಗ್ಗಿಸಬೇಕು. ರೋಗದ ಒಂದೊಂದು ಹಂತವನ್ನು ಅರಿಯಲು ಒಂದೊಂದು ಗುಂಪು ಇಲಿಗಳನ್ನು ಕೊಲ್ಲುವ ಬದಲು, ಒಂದೇ ಇಲಿಯನ್ನು ವಾರವಾರವೂ ನೋಡಲು ಈ ಯಂತ್ರ ಅವಕಾಶ ಕೊಡುತ್ತದೆ. ಆದರೆ ಚಿತ್ರಗಳು ಕೂಡದೆ ಫಲಿತಾಂಶ ಸುಳ್ಳಾದರೆ ಆ ಪ್ರಯೋಗವನ್ನು ಮತ್ತೆ ಮಾಡಬೇಕಾಗುತ್ತದೆ. ಮತ್ತಷ್ಟು ಇಲಿಗಳು ಬಲಿಯಾಗುತ್ತವೆ. ಮಣಿಗಳನ್ನು ಅಳೆಯುತ್ತ ಕುಳಿತ ತಂತ್ರಜ್ಞನ ತಾಳ್ಮೆಯಲ್ಲಿ ಒಂದು ಬಗೆಯ ಜೀವದಯೆಯೂ ಇದೆಯೆಂದು ನಾನು ಭಾವಿಸುತ್ತೇನೆ.